ಮರೆಯಲ್ಲೇ ತುಂಬಿದ ಹಾಳೆ

ದಾನೇಶ್ವರಿ ಬ್ಯಾಗು ಎತ್ತಿಕೊಂಡು ಬೀದಿಗೆ ಓಡಿಬಂದಾಗ ಅಲ್ಲಿ ಬಸ್ಸೇ ಇರಲಿಲ್ಲ. "ನೊಣವಿನ್ಕೆರೆ, ನೊಣವಿನ್ಕೆರೆ" ಎಂದು ಮೂಗಿನಲ್ಲಿ ಕೂಗಿದ ಕಂಡಕ್ಟರು ಕೊಬ್ಬರಿ ಮಂಡಿಯ ಬಾಗಿಲಿಗೆ ಒರಗಿ ನಗುತ್ತಿದ್ದ.

ಕಂಡಕ್ಟರನ ದನಿ ಅಣಕಿಸಿದ ಅವನು ರುದ್ರೇಶ. ತಿಪಟೂರಿನ ಕಂಪ್ಯೂಟರ್ ಸೆಂಟರಿನ ಮೇಷ್ಟ್ರು. ಮಂಡಿಯ ಲೆಕ್ಕವನ್ನು ಎಕ್ಸೆಲ್‌ಗೆ ಹತ್ತಿಸಲು ಬಂದವನು. ಅವಳು ಅಲ್ಲಿ ಟೈಪ್ ಮಾಡುವವಳು. ಸಿಟ್ಟಿನಿಂದಲೇ ನೋಡಿದಳು. ಸಿಟ್ಟು ತುಟಿಗೆ ಬರುವಷ್ಟರಲ್ಲಿ ನಗುವಾಗಿತ್ತು. ಅವನು ಕೆಟ್ಟಿದ್ದು ಅಲ್ಲೇ.

ಅವಳ ಬೆರಳು ನೋಯಬಾರದೆಂದು ಅವನೊಂದು ಸ್ಕ್ರಿಪ್ಟ್ ಬರೆದ. ಸ್ಕ್ರಿಪ್ಟ್ ಎಂದರೆ ಎಕ್ಸೆಲ್‌ನ ಕಿವಿ ಹಿಂಡಿ ಕೆಲಸ ಮಾಡಿಸುವ ಪುಟ್ಟ ಬರಹ. ಐಕಾನ್ ಒತ್ತಿದರೆ ಸಾಕು, ಎಕ್ಸೆಲ್ ತಾನೇ ತೆರೆದು, ಹಾಳೆಯ ಚೌಕಗಳ ಮನೆಮನೆ ತುಂಬಿ, ಕೂಡಿ, ಪ್ರಿಂಟು ಕೊಡುತ್ತಿತ್ತು. ಅಕ್ಷರಗಳು ತಾವಾಗಿಯೇ ಮೂಡುವುದನ್ನು ಕಂಡು ಮಂಡಿ ಯಜಮಾನ ಕಾಡಸಿದ್ದಪ್ಪನವರು ವಿಭೂತಿ ಮುಟ್ಟಿಕೊಂಡರು. "ಯಾರ್ಲಾ ಅದು ಕಾಣ್ದಂಗೆ ಕುಂತು ಟೈಪ್ ಮಾಡ್ತಿರೋದು? ಮುಚ್ಲಾ ಅತ್ಲಾಗೆ." ರುದ್ರೇಶ ಸ್ಕ್ರಿಪ್ಟಿನ ಒಂದು ಸಾಲು ತಿದ್ದಿದ. ಅಂದಿನಿಂದ ಎಕ್ಸೆಲ್ ಪರದೆಗೆ ಬಾರದೆ ಮರೆಯಲ್ಲೇ ದುಡಿದು, ಮರೆಯಲ್ಲೇ ಮುಚ್ಚಿಕೊಳ್ಳುತ್ತಿತ್ತು.

ಬಿಡುವಾದ ಅವಳ ಬೆರಳು ಪೆನ್ಸಿಲ್ ಕಚ್ಚುವ ತುಟಿಯ ಬಳಿ ಆಡುತ್ತಿತ್ತು. ಅವನು ಕಾಡಸಿದ್ದಪ್ಪನವರಂತೆ ಕೆಮ್ಮಿದ, ಹರಾಜಿನವನಂತೆ ಅವಳ ಕಿವಿಯೋಲೆಗೆ ಬೆಲೆ ಕಟ್ಟಿದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು ಒಮ್ಮೆ ಹೇಳಿದಳು: "ಎಲ್ರ ದನೀನೂ ಕೇಳ್ದೆ ಕಣ್ರೀ. ನಿಮ್ದು ಯಾವ್ದು?"

ಅವನು ಮತ್ತೆ ಕಂಡಕ್ಟರನಂತೆ ಮೂಗಿನಲ್ಲಿ ಕೂಗಿದ.

ಒಂದು ಗುರುವಾರ ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಸೋಮವಾರ ಚಿಕ್ಕನಾಯಕನಹಳ್ಳಿಯಿಂದ ನನ್ನ ನೋಡೋಕೆ ಬತ್ತಾವ್ರೆ. ಯಾರಾದ್ರೂ ಅಪ್ಪಂಗೆ ಏನಾದ್ರೂ ಹೇಳೋದಿದ್ರೆ, ಅದ್ರೊಳಗೆ ಹೇಳ್ಬೇಕು."

ಅವನ ಬಾಯಿಂದ ಹೊರಟದ್ದು ಕಾಡಸಿದ್ದಪ್ಪನವರ ಕೆಮ್ಮು. "ಬರೋರ್ಗೆ ಕೊಬ್ರಿ ಮಿಠಾಯಿ ಮಡಗಮ್ಮ." ಈ ಸಲ ಅವಳು ನಗಲಿಲ್ಲ.

ಬಾಯಿ ಕೈಕೊಟ್ಟಿತೆಂದು ಅವನು ಕೈಯನ್ನೇ ನಂಬಿದ. ಮಂಡಿಯ ಹಳೆಯ ಸ್ಕ್ರಿಪ್ಟನ್ನು ನಕಲು ಮಾಡಿ, ಲೆಕ್ಕದ ಜಾಗದಲ್ಲಿ ತನ್ನ ಮಾತು ತುಂಬಿದ. ಎಕ್ಸೆಲ್ ತೆರೆಯಬೇಕು, ಒಂದೊಂದು ಮನೆಯಲ್ಲೂ ಒಂದೊಂದು ಪದ ನಿಧಾನವಾಗಿ ಮೂಡಬೇಕು: ನಾನು ಭಾನುವಾರ ನಿಮ್ಮ ಮನೆಗೆ ಬರಲೇ, ದಾನೇಶ್ವರಿ? ಶನಿವಾರ ಬೆಳಿಗ್ಗೆ ಅವಳಿಗೆ ಹೊಸ ಐಕಾನ್ ತೋರಿಸಿದ. ನನ್ನ ದನಿ ಇದರೊಳಗಿದೆ, ಒತ್ತಿ ನೋಡುತ್ತಿರಿ, ಉತ್ತರ ಹೂಂ ಆದರೆ ಬಾಗಿಲಿಗೆ ಬನ್ನಿ ಎಂದವನೇ ಎದುರಿನ ಟೀ ಅಂಗಡಿಗೆ ಓಡಿದ.

ಅವಳು ಬಾಗಿಲಿಗೆ ಬರಲಿಲ್ಲ. ಮಧ್ಯಾಹ್ನ ತಲೆ ತಗ್ಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅವನು ಅದನ್ನೇ ಉತ್ತರವೆಂದು ನುಂಗಿಕೊಂಡ. ಮತ್ತೆ ಮಂಡಿಯತ್ತ ಸುಳಿಯಲಿಲ್ಲ.

ಕಾಡಸಿದ್ದಪ್ಪನವರು ಹೇಳಿಕಳಿಸಿದ್ದರಿಂದ ಮುಂದಿನ ತಿಂಗಳು ಹೋದಾಗ, ಅವಳು ಕೆಲಸ ಬಿಡಲು ಬಂದಿದ್ದಳು. ಬೆರಳಲ್ಲಿ ಉಂಗುರ. ಮೇಜಿನ ಮೇಲೆ ನಿಶ್ಚಿತಾರ್ಥದ ಮಿಠಾಯಿ.

"ಅವತ್ತು ಮಧ್ಯಾಹ್ನದ ತನಕ ಖಾಲಿ ಪರದೆ ನೋಡ್ತಾ ಕುಂತಿದ್ದೆ" ಎಂದಳು. "ಒತ್ತಿದ್ದೇ ಒತ್ತಿದ್ದು, ಏನೂ ಬರಲಿಲ್ಲ. ಇದೂ ನಿಮ್ ತಮಾಷೆ ಅನ್ಕೊಂಡೆ."

ರುದ್ರೇಶ ಸ್ಕ್ರಿಪ್ಟ್ ತೆರೆದ. ಕಾಡಸಿದ್ದಪ್ಪನವರಿಗಾಗಿ ತಿದ್ದಿದ್ದ ಆ ಸಾಲು ನಕಲಿನಲ್ಲೂ ಹಾಗೇ ಕೂತಿತ್ತು. ಅವಳು ಒತ್ತಿದಾಗಲೆಲ್ಲ ಅವನ ಮಾತು ಅವಳ ಕಣ್ಣೆದುರೇ, ಕಾಣದ ಹಾಳೆಯಲ್ಲಿ ಪೂರ್ತಿ ಬರೆದುಕೊಂಡು ಮುಚ್ಚಿಹೋಗಿತ್ತು. ಅವನು ಸಾಲು ತಿದ್ದಿ ಐಕಾನ್ ಒತ್ತಿದ. ಪದಗಳು ಒಂದೊಂದಾಗಿ ಮೂಡಿದವು.

ಅವಳು ಕೊನೆಯ ಮನೆಯವರೆಗೂ ಓದಿದಳು. ಉಂಗುರವನ್ನು ತಿರುಗಿಸುತ್ತ ಕೇಳಿದಳು: "ನಾನ್ಯಾಕೆ ಬಾಗಿಲಿಗೆ ಬರಲಿಲ್ಲ ಅಂತ ಬೀದಿ ದಾಟಿ ಬಂದು ಒಂದ್ ಮಾತು ಕೇಳಿದ್ರೆ ಆಗ್ತಿರಲಿಲ್ವಾ?"

ಹೊರಗೆ ನಿಜವಾದ ಕಂಡಕ್ಟರು ನೊಣವಿನಕೆರೆ ಎಂದು ಕೂಗಿದ. ಅವಳು ಬ್ಯಾಗು ಎತ್ತಿಕೊಂಡಳು.

"ಹೋಗ್ಬೇಡಿ ದಾನೇಶ್ವರಿ." ಒಣಗಿದ, ಒಡೆದ, ಅವನೂ ಎಂದೂ ಕೇಳದ ದನಿ.

ಅವಳು ಹೊಸ್ತಿಲಲ್ಲಿ ತಿರುಗಿ, ಪರಿಚಯವಿಲ್ಲದವನನ್ನು ನೋಡುವಂತೆ ನೋಡಿದಳು.

"ಇದು ಯಾರ ದನಿ?" ಎಂದಳು.