ಮ್ಯಾಕ್‌ಟಾರಿಶ್ ಒಡ್ಡು

"ಆ ಒಡ್ಡಿನ ಕಲ್ಲಿಗೆ ಮಾತ್ರ ಕೈ ಹಚ್ಚಬೇಡ ಕಣಪ್ಪಾ. ಬೇರೆ ಎಲ್ಲಿ ಬೇಕಾದ್ರೂ ಕೆರಿ, ಅಗಿ, ಫೋಟೋ ತಕ್ಕೋ. ತೊರೆ ಹತ್ರ ಬೇಡ."

ಮುರ್ಡಿನಾ ಮುದುಕಿ ಇಷ್ಟು ಹೇಳಿ ಚಹಾದ ಕೆಟಲನ್ನು ಒಲೆಯ ಮೇಲೆ ಸರಿಸಿದಳು. ಒಲೆಯಲ್ಲಿ ಜೌಗುಮಣ್ಣಿನ ಹೆಂಟೆಗಳು ಜ್ವಾಲೆಯಿಲ್ಲದೆ ಒಳಗೊಳಗೇ ಕೆಂಪಾಗಿ ಬೇಯುತ್ತಿದ್ದವು. ಅವುಗಳ ಹೊಗೆ ಗೋಡೆಗೆ, ಕಂಬಳಿಗೆ, ರೊಟ್ಟಿಗೆ, ಮಾತಿಗೂ ಹತ್ತಿಕೊಂಡಿತ್ತು.

ಲಾಕ್ಲನ್ ಮ್ಯಾಕ್‌ಟಾರಿಶ್ ನಕ್ಕ. ಗ್ಲಾಸ್ಗೋದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ಮೇಷ್ಟ್ರು ಅವನು. ಬೇಸಿಗೆಯ ರಜೆಗೆ ಹೆಂಡತಿ ರೋನಾ, ಮಗಳು ಎಫಿ ಇಬ್ಬರನ್ನೂ ಕರೆದುಕೊಂಡು ಓರ್ಸೆ ದ್ವೀಪಕ್ಕೆ ಬಂದು ಮುರ್ಡಿನಾಳ ಮನೆಯಲ್ಲಿ ಕೋಣೆ ಹಿಡಿದಿದ್ದ. ತನ್ನ ವಂಶದ ಬೇರು ಹುಡುಕುವುದು ಅವನ ಹಟ. ಅಪ್ಪ, ಅಜ್ಜ, ಮುತ್ತಜ್ಜನವರೆಗೆ ದಾರಿ ಸರಾಗವಾಗಿತ್ತು. ಮುತ್ತಜ್ಜನ ಅಪ್ಪ ಯೂಅನ್ ಈ ದ್ವೀಪದವನು ಎಂಬುದೂ ಗೊತ್ತಾಗಿತ್ತು. ಆದರೆ ಇಲ್ಲಿಗೆ ಬಂದರೆ ಆ ಹೆಸರೇ ಯಾರ ಬಾಯಲ್ಲೂ ಇಲ್ಲ. ಕೇಳಿದವರೆಲ್ಲ ಹವಾಮಾನದ ಮಾತು ತೆಗೆಯುತ್ತಿದ್ದರು. ಸ್ಮಶಾನದಲ್ಲಿ ಕೆಲವು ಗೋರಿಗಲ್ಲುಗಳ ಮೇಲಿನ ಹೆಸರನ್ನು ಉಳಿಯಿಂದ ಕೆತ್ತಿ ಅಳಿಸಲಾಗಿತ್ತು.

"ಯಾಕಜ್ಜಿ, ಒಡ್ಡಿನ ಕೆಳಗೆ ದೆವ್ವ ಇದೆಯಾ?"

"ದೆವ್ವ ಆಗಿದ್ರೆ ಪಾದ್ರಿ ಓಡಿಸ್ತಿದ್ದ. ಅಲ್ಲಿರೋದು ಮಾಟ. ನಿನ್ನ ಹೆಸರಿಗೆ ಇಟ್ಟಿರೋದು."

"ನನ್ನ ಹೆಸರಿಗಾ? ನಾನು ಬಂದು ಇನ್ನೂ ಒಂದು ವಾರ ಆಗಿಲ್ವಲ್ಲ!"

"ನಿನಗೆ ಇಟ್ಟಿದ್ದು ಅಂದೆನಾ? ನಿನ್ನ ಹೆಸರಿಗೆ ಅಂದೆ."

ಅವನು ಬಿಡಲಿಲ್ಲ. ಮುದುಕಿಯ ತಮ್ಮ ಟೋರ್ಮಡ್ ಮೂಲೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ. "ಹೇಳ್ಬಿಡು ಅಕ್ಕಾ, ಹೇಳದೆ ಇದ್ರೆ ಇವನು ಕೇಳೋ ಆಸಾಮಿ ಅಲ್ಲ" ಎಂದ. ಮುರ್ಡಿನಾ ಸೆರಗಿನಂತೆ ಹೊದ್ದ ಶಾಲನ್ನು ಬಿಗಿಮಾಡಿಕೊಂಡು, ಗೋಡೆಗೆ ಹೇಳುವವಳಂತೆ ಹೇಳಿದಳು.

ಜಮೀನ್ದಾರ ಕುರಿ ಮೇಯಿಸಲೆಂದು ಊರುಗಳನ್ನೇ ಖಾಲಿ ಮಾಡಿಸಿದ ಕಾಲ. ಮನೆ ಬಿಡಿಸುವ ಕೆಲಸಕ್ಕೆ ನಿಂತವನು ಇದೇ ಊರಿನ ಯೂಅನ್ ಮ್ಯಾಕ್‌ಟಾರಿಶ್. ಬರಾಬಲ್ ಎಂಬ ವಿಧವೆ ಹೊರಡಲು ಒಪ್ಪಲಿಲ್ಲ. ಮನೆಯಲ್ಲಿ ಮಗಳ ಬಾಣಂತನ, ಹಸಿಗೂಸು. ಯೂಅನ್ ಅವಳ ಹಾಲಿನ ಗಡಿಗೆಯನ್ನೇ ಎತ್ತಿ ಒಲೆಗೆ ಸುರಿದ. ತಲೆತಲಾಂತರದಿಂದ ಆರದ ಬೆಂಕಿ ಆರಿತು. ಆಮೇಲೆ ಸೂರಿಗೆ ಕೊಳ್ಳಿ ಇಟ್ಟ. ಬಯಲಲ್ಲಿ, ಮಂಜಿನಲ್ಲಿ ಕೂಸು ಸತ್ತಿತು. ಬರಾಬಲ್ ಅಳಲಿಲ್ಲ. ಜೇಡಿಮಣ್ಣು ಕಲಸಿ ಮನುಷ್ಯನ ಬೊಂಬೆ ಮಾಡಿದಳು. ಅದರ ಮೈತುಂಬ ಮುಳ್ಳು ಚುಚ್ಚಿದಳು. ಮ್ಯಾಕ್‌ಟಾರಿಶ್ ಎಂದು ಹೆಸರಿಟ್ಟು ತೊರೆಯಲ್ಲಿ ಮಲಗಿಸಿದಳು. ನೀರು ಬೊಂಬೆಯನ್ನು ಸವೆಸಿದಂತೆ ಯೂಅನ್ ಸವೆದ. ಅವನ ತಮ್ಮ ಸವೆದ. ಉಳಿದವರು ದೋಣಿ ಹತ್ತಿ ಓಡಿದರು.

"ಮತ್ತೆ ಒಡ್ಡು ಯಾರು ಕಟ್ಟಿದ್ದು?"

"ಬರಾಬಲ್ ಮಗಳೇ. ಕೂಸು ಕಳಕೊಂಡವಳೇ. ಹೆತ್ತವಳ ಶಾಪ ವಾಪಸ್ ತಗೊಳ್ಳೋಕೆ ನನ್ನ ಕೈಲಾಗಲ್ಲ, ನೀರನ್ನಾದ್ರೂ ತಿರುಗಿಸ್ತೀನಿ ಅಂದ್ಲಂತೆ. ಮ್ಯಾಕ್‌ಟಾರಿಶ್ ಮನೆ ಬಾಗಿಲ ನೆತ್ತಿಗಲ್ಲನ್ನೇ ಕಿತ್ತು ತಂದು ಅಡ್ಡ ಇಟ್ಲು. ಅವಳು ನಮ್ಮಜ್ಜಿ."

ಲಾಕ್ಲನ್‌ನ ಕಿವಿಗೆ ಬಿದ್ದದ್ದು ಒಂದೇ ಮಾತು.

"ನೆತ್ತಿಗಲ್ಲಾ? ಹೆಸರು ಕೆತ್ತಿದ್ದಾ?"

ಮುರ್ಡಿನಾ ತುಟಿ ಕಚ್ಚಿಕೊಂಡಳು.

"ಅಲ್ಲಜ್ಜಿ, ಜನ ಚಂದ್ರನ ಮೇಲೆ ಕಾಲಿಡೋಕೆ ಹೊರಟಿದ್ದಾರೆ. ನೀವಿನ್ನೂ ಮಣ್ಣಿನ ಬೊಂಬೆಗೆ ಹೆದರಿಕೊಂಡು ಕೂತಿದ್ದೀರಿ!" ಎಂದು ಅವನು ಮತ್ತೆ ನಕ್ಕ. ರೋನಾ ನಗಲಿಲ್ಲ. "ಬಿಡು ಲಾಕೀ, ಅವರ ಊರು, ಅವರ ನಂಬಿಕೆ" ಎಂದಳು. ಎಫಿ ಮಾತ್ರ ಅಪ್ಪ ಕಲಿಸಿದ್ದನ್ನು ಮೇಜಿನ ಕೆಳಗೆ ಕೂತು ರಾಗವಾಗಿ ಹೇಳಿಕೊಳ್ಳುತ್ತಿದ್ದಳು: "ನಾನು ಎಫಿ, ಲಾಕ್ಲನ್ ಮಗಳು. ಲಾಕ್ಲನ್ ನೀಲ್ ಮಗ. ನೀಲ್ ಆ್ಯಂಗಸ್ ಮಗ. ಆ್ಯಂಗಸ್ ರೋರಿ ಮಗ. ರೋರಿ ಯೂಅನ್ ಮಗ…"

ಟೋರ್ಮಡ್‌ನ ಕೈಯ ಬಲೆ ನಿಂತಿತು.

ಮರುದಿನ ಬೆಳಿಗ್ಗೆ ಸಮುದ್ರದಿಂದ ಮಂಜು ಎದ್ದು ಗುಡ್ಡವನ್ನು ನುಂಗಿತ್ತು. ಲಾಕ್ಲನ್ ಕೊಟ್ಟಿಗೆಯಲ್ಲಿದ್ದ ಹಾರೆ ಎತ್ತಿಕೊಂಡ. ಎಫಿ ಹಟಮಾಡಿ ಹಿಂದೆ ಬಂದಳು. ಕಾಲಡಿಯ ಜೌಗು ಪಿಚಪಿಚ ಎನ್ನುತ್ತಿತ್ತು. ಎಲ್ಲೋ ಕುರಿಯೊಂದು ಕೆಮ್ಮಿದ್ದು ಮನುಷ್ಯ ಕೆಮ್ಮಿದಂತೆ ಕೇಳಿತು. ಪಾಳು ಗೋಡೆಗಳ ನಡುವೆ ಹುಲ್ಲು ಬೆಳೆದ ಒಡ್ಡು ಸಿಕ್ಕಿತು. ತೊರೆ ಅಲ್ಲಿಯವರೆಗೆ ಗುಳುಗುಳು ಹರಿದು ಬಂದು, ಥಟ್ಟನೆ ಬಲಕ್ಕೆ ತಿರುಗಿ ಇಳಿಯುತ್ತಿತ್ತು. ಒಡ್ಡಿನ ಆಚೆ ಹಳೆಯ ಪಾತ್ರ ಪಾಚಿಗಟ್ಟಿ ಸದ್ದಿಲ್ಲದೆ ಬಿದ್ದಿತ್ತು.

ಅವನು ಪಾಚಿ ಕೆರೆದ. ಅಕ್ಷರ ಕಂಡವು. ಮ್ಯಾಕ್‌ಟಾರಿಶ್. ಎದೆ ಹಿಗ್ಗಿತು. ಅಪ್ಪ ಸಾಯುವಾಗಲೂ ಬಾಯಿಬಿಡದ ಊರು, ಮನೆ, ಬಾಗಿಲು, ಎಲ್ಲವೂ ಈ ಕಲ್ಲಿನಲ್ಲಿತ್ತು. ಉಳಿದ ಅಕ್ಷರ ಮಣ್ಣೊಳಗೆ ಹೂತಿದ್ದವು. ಹಾರೆಯನ್ನು ಕಲ್ಲಿನಡಿ ತೂರಿಸಿ ಮೈಭಾರವೆಲ್ಲ ಹಾಕಿ ಮೀಟಿದ.

"ಅಪ್ಪಾ, ಹಾಲು ಕೆಟ್ಟ ವಾಸನೆ" ಎಂದಳು ಎಫಿ.

ಕಲ್ಲು ನರಳಿತು. ನಡುವೆ ಬಿರುಕು ಬಿಟ್ಟು ಎರಡಾಗಿ ಉರುಳಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ತೊರೆ ತನ್ನ ಹಳೆಯ ದಾರಿಯನ್ನು ನೆನಪಿಸಿಕೊಂಡಂತೆ ನೇರವಾಗಿ ನುಗ್ಗಿತು. ಹುಳಿತ ಹಾಲಿನ, ಒದ್ದೆ ಬೂದಿಯ ನಾತ ಮುಖಕ್ಕೆ ಹೊಡೆಯಿತು. ಲಾಕ್ಲನ್ ಕೆಮ್ಮಿದ, ಉಗುಳಿದ, ಕಲ್ಲಿನ ಫೋಟೋ ತೆಗೆದುಕೊಂಡ. ಸಿಳ್ಳೆ ಹಾಕುತ್ತ ಮನೆಗೆ ಬಂದ.

ಮಧ್ಯಾಹ್ನ ಆಲೂಗಡ್ಡೆ, ಉಪ್ಪುಮೀನು ಬಡಿಸಿದಾಗ ಅವನ ಉಂಗುರ ಬೆರಳಿನಿಂದ ಜಾರಿ ತಟ್ಟೆಗೆ ಬಿತ್ತು. ಕೈ ನೋಡಿಕೊಂಡ. ದಿನವಿಡೀ ನೀರಲ್ಲಿ ನೆನೆದಂತೆ ಬೆರಳು ಬಿಳಿಚಿ ಸುಕ್ಕಾಗಿದ್ದವು. ಬಿಸಿ ಚಹಾದ ಲೋಟ ಹಿಡಿದರೆ ಬಿಸಿಯೇ ತಿಳಿಯಲಿಲ್ಲ. ಮುಖ ತೊಳೆದು ಟವೆಲಿನಿಂದ ಒರೆಸಿದ. ಟವೆಲಿಗೆ ಕೆಸರು ಹತ್ತಿತು. ಮತ್ತೆ ಒರೆಸಿದ. ಮತ್ತೆ ಕೆಸರು. ಕನ್ನಡಿಯಲ್ಲಿ ನೋಡಿದರೆ ಹುಬ್ಬಿನ ಅಂಚು ಮೊಂಡಾಗಿತ್ತು. ಮೂಗಿನ ತುದಿಯೂ.

"ಲಾಕೀ!" ಒಳಕೋಣೆಯಿಂದ ರೋನಾ ಕೂಗಿದಳು. "ಎಫಿ ನೋಡು ಬಾ! ಮೈ ಮಂಜುಗಡ್ಡೆ ಆಗಿದೆ!"

ಮಗು ಕಂಬಳಿಯೊಳಗೆ ಮುದುರಿತ್ತು. ಹಾಸಿಗೆಯವರೆಗೆ ನೆಲದ ಮೇಲೆ ಪುಟ್ಟ ಪುಟ್ಟ ಒದ್ದೆ ಹೆಜ್ಜೆಗಳು. ಮುರ್ಡಿನಾ ಬಾಗಿಲಲ್ಲಿ ನಿಂತು ಮೊದಲು ಮಗುವನ್ನು, ಆಮೇಲೆ ಅವನ ಕೈಯನ್ನು ನೋಡಿದಳು.

"ಕಲ್ಲು ತೆಗೆದೆಯಾ?"

ಅವನು ಕೈಯನ್ನು ಟವೆಲಿನೊಳಗೆ ಮುಚ್ಚಿಕೊಂಡ.

"ತೆಗೆದೆಯಾ ಅಂತ ಕೇಳ್ದೆ!"

"ತೆಗೆದೆ."

"ಅಯ್ಯೋ ಪಾಪಿ! ನಿಲ್ಲಬೇಡ, ಓಡು. ಬೊಂಬೆ ಮೇಲೆತ್ತು. ಒಡೀಬೇಡ, ಒಣಗಿಸ್ಬೇಡ. ಒಣಗಿದ್ರೂ ನೀನು ಸೀಳಿಹೋಗ್ತೀಯ. ಹಸಿ ಹೆಂಟೆಯೊಳಗೆ ಸುತ್ತಿಡು. ನೀರು ಮಾತ್ರ ಹರೀಬಾರ್ದು. ಟೋರ್ಮಡ್, ಹೋಗೋ ಜೊತೆಗೆ!"

ಓಡಿದ. ಮೊಣಕಾಲು ಮೆತ್ತಗಾಗಿ ಮಡಚುತ್ತಿದ್ದವು. ತೊರೆಯ ಹಳೆಯ ಪಾತ್ರಕ್ಕೆ ಧುಮುಕಿ ಕೆಸರೊಳಗೆ ಕೈಯಾಡಿಸಿದ. ಮುಳ್ಳು ಚುಚ್ಚಿತು. ಹಿಡಿದೆಳೆದ. ಮೊಳದುದ್ದದ ಬೊಂಬೆ. ಮುಖ ಅರ್ಧ ಕರಗಿತ್ತು. ಹಿಂದೆಯೇ ಬಂದ ಟೋರ್ಮಡ್ ಕಡಿದುಕೊಟ್ಟ ಹಸಿ ಹೆಂಟೆಯಲ್ಲಿ ಸುತ್ತಿ ಎದೆಗವಚಿಕೊಂಡು ದಡ ಹತ್ತಿದ. ಹತ್ತುತ್ತಿದ್ದಂತೆ ಬೆರಳುಗಳಿಗೆ ನೋವು ಮರಳಿತು. ಬಿಸಿರಕ್ತ ಮರಳಿತು. ಬದುಕಿದೆ ಎಂದುಕೊಂಡ.

"ಸಿಕ್ತು! ಸಿಕ್ತು!" ಎಂದು ಕೂಗುತ್ತ ಮನೆಯೊಳಗೆ ಬಂದ.

ಎಫಿ ಕಣ್ಣು ಮುಚ್ಚಿ ಅದೇ ರಾಗದಲ್ಲಿ ಗೊಣಗುತ್ತಿದ್ದಳು. "ನಾನು ಎಫಿ, ಲಾಕ್ಲನ್ ಮಗಳು. ಲಾಕ್ಲನ್ ನೀಲ್ ಮಗ. ನೀಲ್ ಆ್ಯಂಗಸ್ ಮಗ…" ಅಲ್ಲಿಗೆ ನಿಂತಿತು. ಮತ್ತೆ ಮೊದಲಿಂದ. "ನಾನು ಎಫಿ, ಲಾಕ್ಲನ್ ಮಗಳು. ಲಾಕ್ಲನ್ ನೀಲ್ ಮಗ…" ಒಂದೊಂದು ಸಲಕ್ಕೂ ಒಂದೊಂದು ಹೆಸರು ಕಳಚಿ ಬೀಳುತ್ತಿತ್ತು. ತಲೆದಿಂಬಿನ ಮೇಲೆ ಕೆಸರುನೀರು ಹರಡುತ್ತಿತ್ತು.

"ಬೊಂಬೆ ತೆಗೆದೆನಲ್ಲ! ನನಗೆ ವಾಸಿ ಆಯ್ತಲ್ಲ! ಇವಳಿಗ್ಯಾಕೆ ಆಗ್ತಿಲ್ಲ?"

ಮುರ್ಡಿನಾಳ ಮುಖದಲ್ಲಿ ರಕ್ತವಿರಲಿಲ್ಲ.

"ನಮ್ಮಮ್ಮ ಬೊಂಬೆ ಒಂದೇ ಅಂದಿದ್ಲು" ಎಂದು ತನಗೆ ತಾನೇ ಹೇಳಿಕೊಂಡಳು. "ಆದ್ರೆ ಬರಾಬಲ್ ಕಳಕೊಂಡಿದ್ದು ಮಗೂನ್ನ. ದೊಡ್ಡವನಿಗೊಂದು ಮಾಡಿಟ್ಟು ಸುಮ್ಮನಾಗ್ತಾಳಾ? ಅಯ್ಯೋ, ಸುಮ್ಮನಾಗ್ತಾಳಾ?"

ಲಾಕ್ಲನ್ ಪೂರ್ತಿ ಕೇಳಲಿಲ್ಲ. ಬಾಗಿಲು ಧಡಾರನೆ ಬಡಿಯಿತು. ಮಂಜು. ಕಲ್ಲು. ಜೌಗು. ಬಿದ್ದ, ಎದ್ದ. ತೊರೆ ಈಗ ಮೊಳಕಾಲೆತ್ತರ ಹರಿಯುತ್ತಿತ್ತು. ಮುಖ ಮುಳುಗಿಸಿ ತಡಕಿದ. ಬೆಣಚುಕಲ್ಲು. ಕುರಿಯ ಮೂಳೆ. ಬೇರು. ಹಾಲಿನ ನಾತ ಮೂಗು ತುಂಬಿತು. ಹಿಂದಿನಿಂದ ಯಾರೋ ನಿಟ್ಟುಸಿರಿಟ್ಟರು. ತಿರುಗಲಿಲ್ಲ. ಮತ್ತೆ ತಡಕಿದ. ದೊಡ್ಡ ಬೊಂಬೆ ಮಲಗಿದ್ದ ಗುಳಿಯ ತಳದಲ್ಲಿ, ಅದರ ಮಗ್ಗುಲಲ್ಲೇ, ಅಂಗೈಗೆ ಮೆತ್ತಗೆ ತಾಕಿತು. ಉಸಿರು ಹಿಡಿದ. ಬೆರಳು ಒತ್ತಿದರೆ ಕರಗುತ್ತದೆ. ಒತ್ತದಿದ್ದರೆ ಜಾರುತ್ತದೆ. ಎರಡೂ ಕೈ ಬೊಗಸೆ ಮಾಡಿ, ಮಗುವನ್ನು ನೀರಿನಿಂದ ಎತ್ತುವಂತೆ, ಎತ್ತಿದ.

ಗೇಣುದ್ದವೂ ಇರಲಿಲ್ಲ. ಅದಕ್ಕೆ ಮುಳ್ಳು ಚುಚ್ಚಿರಲಿಲ್ಲ. ಪುಟ್ಟ ಕೈ, ಪುಟ್ಟ ಹೊಟ್ಟೆ, ಕಣ್ಣಿಗೆ ಒತ್ತಿದ ಎರಡು ಸಣ್ಣ ಚಿಪ್ಪು. ಕಣ್ಣಿನ ಕೆಳಗೆ ಎಲ್ಲ ನುಣ್ಣಗಾಗಿತ್ತು. ಬಾಯಿ ಇರಬೇಕಾದಲ್ಲಿ ಏನೂ ಇರಲಿಲ್ಲ.

ಮನೆಯಿಂದ ದೊಡ್ಡ ಬೊಂಬೆ ಹೊತ್ತು ಬಂದ ಟೋರ್ಮಡ್ ಹೆಂಟೆ ಕಡಿದು ಕಡಿದು ಕೊಟ್ಟ. ಇಬ್ಬರೂ ಸೇರಿ ಒಡೆದ ಕಲ್ಲಿನ ತುಂಡುಗಳನ್ನು ಹೊರಳಿಸಿ ನಿಲ್ಲಿಸಿದರು. ನೀರು ಬೈದುಕೊಳ್ಳುತ್ತ ಬಲಕ್ಕೆ ತಿರುಗಿತು. ಎರಡು ಬೊಂಬೆಗಳನ್ನೂ ಹಸಿ ಹೆಂಟೆಯೊಳಗೆ ಸುತ್ತಿ ಹಳೆಯ ಗುಳಿಯಲ್ಲೇ ಹೂತರು. ಆದರೆ ತುಂಡುಗಳ ನಡುವಿನ ಬಿರುಕಿನಿಂದ ದಾರದಷ್ಟು ನೀರು ಜಿನುಗುತ್ತಲೇ ಇತ್ತು. ಹೆಂಟೆ ತುರುಕಿದರೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಜಿನುಗುತ್ತಿತ್ತು.

"ಇನ್ನು ಇದು ಹೀಗೇನೇ" ಎಂದ ಟೋರ್ಮಡ್. "ಇಡೀ ಕಲ್ಲಾಗಿದ್ದಾಗ ತಾನೇ ಕಾಯ್ತಿತ್ತು. ಇನ್ಮೇಲೆ ಯಾರಾದ್ರೂ ಕಾಯ್ತಾ ಇರಬೇಕು. ಅಕ್ಕನಿಗೂ ನನಗೂ ಎಷ್ಟು ದಿನ ಆಗುತ್ತೆ ಹೇಳು."

ಸಂಜೆಯ ಹೊತ್ತಿಗೆ ಎಫಿಯ ಮೈ ಬೆಚ್ಚಗಾಯಿತು. ಕಣ್ಣು ಬಿಟ್ಟಳು. ಹಾಲು ಕುಡಿದಳು. ಅಮ್ಮನ ಕತ್ತು ತಬ್ಬಿಕೊಂಡಳು. ರೋನಾ ಅಳುತ್ತ ನಗುತ್ತ, "ಮಾತಾಡು ಚಿನ್ನಾ, ಅಮ್ಮಾ ಅನ್ನು" ಎಂದಳು. ಮಗು ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಮತ್ತೆ ತೆರೆಯಿತು. ಒಳಗೆ ಖಾಲಿ ಬಾವಿಯಂತೆ ಬರೀ ಗಾಳಿ.

ಆಮೇಲೆ ಗ್ಲಾಸ್ಗೋದ ದೊಡ್ಡ ವೈದ್ಯರೆಲ್ಲ ಅವಳ ಗಂಟಲು ನೋಡಿ ಎಲ್ಲ ಸರಿಯಾಗಿದೆ ಎಂದರಂತೆ. ಅವಳು ಮಾತ್ರ ಮಾತಾಡಲಿಲ್ಲ.

ಅದಕ್ಕೂ ಮೊದಲು, ದ್ವೀಪದಿಂದ ದೋಣಿ ಹೊರಡುವ ದಿನ ರೋನಾ ಗಂಡನ ಮುಖ ನೋಡದೆ ಹೇಳಿದಳು: "ಇವಳಿಗೆ ನಮ್ಮಪ್ಪನ ಮನೆ ಹೆಸರು ಹಾಕಿಸ್ತೀನಿ. ನನಗೂ ಅದೇ. ನಿನ್ನ ಹೆಸರಿನ ಒಂದು ಅಕ್ಷರಾನೂ ಇವಳ ಮೇಲೆ ಇರಬಾರದು."

"ಹಾಕಿಸು" ಎಂದ ಲಾಕ್ಲನ್.

"ನೀನು ಬರಲ್ವಾ?"

"ಹೆಸರು ಬದಲಾಯಿಸಿದ್ರೆ ಬಿಡುತ್ತೋ ಇಲ್ವೋ ಯಾರಿಗೆ ಗೊತ್ತು ರೋನಾ? ನಾನು ಹೊರಟು, ಒಡ್ಡು ಒಡೆದ್ರೆ?"

ಅವಳು ಎಫಿಯನ್ನು ಎತ್ತಿಕೊಂಡು ದೋಣಿ ಹತ್ತಿದಳು. ದೋಣಿ ಮಂಜಿನೊಳಗೆ ಕರಗಿತು.

ಮುರ್ಡಿನಾ ಸತ್ತಳು. ಅವಳ ಹಿಂದೆಯೇ ಟೋರ್ಮಡ್ ಸತ್ತ. ಆ ಮನೆಯಲ್ಲಿ ಈಗ ಅವನೊಬ್ಬನೇ. ನಮ್ಮ ದ್ವೀಪದಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅವನೂ ಹೇಳಿಕೊಳ್ಳುವುದಿಲ್ಲ. ವಂಶದ ಮಾತೆತ್ತಿದರೆ ಎದ್ದು ಹೋಗುತ್ತಾನೆ. ದಿನ ಬೆಳಗಾದರೆ ಗುದ್ದಲಿ ಹೆಗಲಿಗೇರಿಸಿ ಹೆಂಟೆ ಕಡಿಯಲು ಹೊರಡುತ್ತಾನೆ. ಗುಡ್ಡದ ಹಿಮ ಕರಗಿ ತೊರೆ ಉಕ್ಕುವ ದಿನಗಳಲ್ಲಂತೂ ಯಾವ ಹೆಂಟೆಯೂ ನಿಲ್ಲುವುದಿಲ್ಲ. ಆಗ ಅವನು ಅಂಗಿ ಬಿಚ್ಚಿ ಒಡ್ಡಿನ ಬಿರುಕಿಗೆ ತನ್ನ ಬೆನ್ನನ್ನೇ ಒತ್ತಿ ಕೂರುತ್ತಾನೆ. ನೀರು ಅವನ ಬೆನ್ನನ್ನು ತಳ್ಳುತ್ತದೆ. ಹಸಿಗೂಸಿನ ಅಂಗೈಯಷ್ಟೇ ಸಣ್ಣಗೆ, ತಣ್ಣಗೆ, ಬಿಡದೆ ತಳ್ಳುತ್ತದೆ. ಅವನು ಹಲ್ಲು ಕಚ್ಚಿ ಅಲ್ಲೇ ಕೂತಿರುತ್ತಾನೆ.