ಎ ಗ್ರೇಡಿನ ಲಂಡನ್ ಟೇಪು

"ಎ ಅಂದ್ರ ಎ ಅನ್ನು, ಸಿ ಅಂದ್ರ ಸಿ ಅನ್ನು. ನಡುವ ಉಗುಳು ನುಂಗಿದಿ ಅಂದ್ರ ಚಮನಸಾಬ, ನಿನ್ನ ಎರಡೂ ಕಿವಿ ಕಿತ್ತು ಕಾಯಿ ಚೀಲದಾಗ ಹಾಕಿ ಹೊಲೀತೇನಿ!"

ಹೇಳಿದವನು ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರ ಕೊಟ್ರಪ್ಪ. ಆರಡಿ ಆಳು. ಗೋಣಿಚೀಲ ಹೊಲಿಯುವ ದಬ್ಬಣ ಅವನ ಜೇಬಿನಲ್ಲೇ ಇರುತ್ತದೆ... ತಮಾಷೆಯ ಮಾತಲ್ಲ!

ನನ್ನ ತಲೆಯ ಮೇಲೆ ಹೆಡ್‌ಫೋನ್. ಅದರೊಳಗೆ ಲಂಡನ್.

ನನ್ನ ಅಂಗಡಿಯ ಬಾಗಿಲಲ್ಲಿ ಅವನ ಇಬ್ಬರು ಹಮಾಲರು ಕೈಕಟ್ಟಿ ನಿಂತಿದ್ದರು.

ನಾನು ಉಗುಳು ನುಂಗಲಿಲ್ಲ. ನುಂಗಲು ಬಾಯಲ್ಲಿ ಉಗುಳೇ ಇರಲಿಲ್ಲ!

ನಾನು ಯಾರು ಅಂತ ಹೇಳಿಬಿಡುತ್ತೇನೆ, ಕೇಳಿ. ರಾಣೆಬೆನ್ನೂರಿನಲ್ಲಿ ನನ್ನದು ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಹಿಂದೆಯೇ ಮನೆ. ರಿಪೇರಿ ಅನ್ನುವುದು ಬೋರ್ಡಿನ ಮೇಲಿನ ಮಾತು. ನಿಜವಾದ ಧಂದೆ ಬೇರೆ. 1991ನೇ ಇಸವಿ ಅದು. ನಮ್ಮ ಕಡೆ ರಾಕ್ ಸಂಗೀತದ ಹುಚ್ಚು ಹತ್ತಿದವರು ಹತ್ತು ಹನ್ನೆರಡು ಮಂದಿ ಇದ್ದರು. ಅವರಿಗೆ ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ ಬೇಡ. ಕಳ್ಳ ಟೇಪು ಬೇಕು! ಯಾವುದೋ ದೇಶದಲ್ಲಿ ಪ್ರೋಗ್ರಾಂ ನಡೆಯುವಾಗ ಯಾರೋ ಕೋಟಿನೊಳಗೆ ರೆಕಾರ್ಡರ್ ಅಡಗಿಸಿಕೊಂಡು ಹೋಗಿ ಹಿಡಿದು ತಂದದ್ದು. ಅದರ ನಕಲು ಮುಂಬಯಿಗೆ ಬರುತ್ತದೆ. ನಕಲಿನ ನಕಲು ಹುಬ್ಬಳ್ಳಿಗೆ. ಅದರ ನಕಲು ನಮ್ಮೂರಿಗೆ ಬರುವ ಹೊತ್ತಿಗೆ ಗಿಟಾರು ಬಾವಿಯೊಳಗೆ ಕೂತು ಅಳುತ್ತಿರುತ್ತದೆ.

ಆಗ ನನ್ನನ್ನು ಕರೆಯುತ್ತಾರೆ. ನಾನು ಕೇಳುತ್ತೇನೆ. ಗ್ರೇಡ್ ಹೇಳುತ್ತೇನೆ.

ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಿದರೆ ಎ. ಗಿಟಾರು, ಡ್ರಮ್ಮು ಎಲ್ಲ ಕಲಸಿ ಮುದ್ದೆಯಾಗಿದ್ದರೆ ಬಿ. ರೆಕಾರ್ಡ್ ಮಾಡಿದವನ ಕೆಮ್ಮು ಹಾಡಿಗಿಂತ ಜೋರಾಗಿದ್ದರೆ ಸಿ. ಹಿಂದಿನ ಸುಯ್ ಅನ್ನುವ ಸದ್ದು ಕೇಳಿಯೇ ಅದು ಎಷ್ಟನೆಯ ನಕಲು ಅಂತ ಹೇಳಬಲ್ಲೆ. ಯಾರೂ ಕಲಿಸಿದ್ದಲ್ಲ. ಇಂಗ್ಲಿಷ್ ಓದಲು ಬಾರದು, ಹಾಗಾಗಿ ಲೇಬಲ್ ನೋಡುವುದಿಲ್ಲ. ಸದ್ದು ಮಾತ್ರ ನಂಬುತ್ತೇನೆ. ಫೀ? ಎ ಗ್ರೇಡಿನ ಟೇಪು ಬಂದರೆ ಅದರ ಮೊದಲ ಹತ್ತು ನಿಮಿಷದ ನಕಲು ನನಗೆ. ಅಷ್ಟೇ.

ಇವತ್ತಿನ ಟೇಪು ಹಾವೇರಿಯ ಕ್ಯಾಸೆಟ್ ವ್ಯಾಪಾರಿ ತಿರಕಪ್ಪನದು. "ಲಂಡನ್ ಲೈವ್! ಇಂಡಿಯಾದಾಗ ಇದೊಂದ!" ಅಂದಿದ್ದನಂತೆ. ಹಾಡುವವರು ಯಾರೂ ಇಲ್ಲ. ಬರೀ ಗಿಟಾರು, ಡ್ರಮ್ಮು, ಜನ. ಬದಲಿಗೆ ಅವನು ಕೇಳಿದ್ದು ಕೊಟ್ರಪ್ಪನ ಸ್ಪೂಲ್ ಡೆಕ್, ಅಂದರೆ ದೊಡ್ಡ ಸುರುಳಿ ಟೇಪು ಓಡಿಸುವ ಯಂತ್ರ. ಕೊಟ್ರಪ್ಪನ ತೀರಿಕೊಂಡ ಅಣ್ಣ ಮುಂಬಯಿಯಿಂದ ಹೊತ್ತು ತಂದದ್ದು. ಅಣ್ಣನ ದನಿ ಇರುವ ಎಂಟು ಸ್ಪೂಲುಗಳು ಓಡುವುದು ಅದೊಂದರ ಮೇಲೆಯೇ. ಹತ್ತು ವರ್ಷದಿಂದ ಅದಕ್ಕೆ ಬೆಲ್ಟು, ಎಣ್ಣೆ, ಹೆಡ್ಡು ಅಂತ ನೋಡಿಕೊಂಡವನು ನಾನು.

"ಸಾವ್ಕಾರ್ರ, ಡೆಕ್ ಹೋದ್ರ ಅಣ್ಣಾರ ದನೀನೂ ಹೋಗತೈತ್ರಿ," ಅಂದೆ.

"ಗೊತ್ತೈತಿ. ಈ ಹುಚ್ಚು ಹತ್ತಿಸಿದಾವ ಅಂವನ. ಅಂವ ಇದ್ರೂ ಇದನ್ನ ಮಾಡ್ತಿದ್ದ. ಆದ್ರ ಟೇಪು ಎ ಇರಬೇಕು. ಅಂತಾದ್ದಕ್ಕಷ್ಟ ಕೊಡೋದು. ಹೇಳು!"

ಕಣ್ಣು ಮುಚ್ಚಿ ಕೇಳಿದೆ. ಗಿಟಾರಿನ ಆರೂ ತಂತಿ ಬೇರೆ ಬೇರೆ... ಬೆರಳು ತಂತಿಯ ಮೇಲೆ ಜಾರುವ ಸದ್ದು ಕೂಡ! ಡ್ರಮ್ಮು ತುಸು ತಗಡಿನಂತೆ ಬಡಿಯುತ್ತಿತ್ತು. ಇರಲಿ. ಸುಯ್ ಸದ್ದು ಇಲ್ಲವೇ ಇಲ್ಲ. ಮೊದಲನೆಯ ನಕಲು!

"ಎ," ಅಂದೆ.

ಕೊಟ್ರಪ್ಪ ನನ್ನ ಎರಡೂ ಕಿವಿ ಹಿಡಿದು ಹಣೆಗೆ ಮುತ್ತು ಕೊಟ್ಟ. ನಾನು ನನ್ನ ಹತ್ತು ನಿಮಿಷ ಇಳಿಸಿಕೊಂಡೆ. ಅವನು ಟೇಪು ಎತ್ತಿಕೊಂಡು ಜೀಪು ಹತ್ತಿದ. ಹಿಂದಿನ ಸೀಟಿನಲ್ಲಿ ಕಾಯಿಯ ಗೋಣಿಯಲ್ಲಿ ಸುತ್ತಿಟ್ಟ ಡೆಕ್.

ಸಂಜೆ ನಾಲ್ಕಕ್ಕೆ ಹಾವೇರಿಯಲ್ಲಿ ಅದಲು ಬದಲು.

ಆಗ ಗಂಟೆ ಎರಡು.

ಕುಲ್ಸುಮಬಿ ಚಹಾ ತಂದಳು. ನನ್ನ ಹೆಂಡತಿ. ಗದಗಿನಾಕೆ. ನನ್ನ ಹತ್ತು ನಿಮಿಷ ಸ್ಪೀಕರಿನಲ್ಲಿ ಓಡುತ್ತಿತ್ತು.

"ಅಲ್ರೀ, ಲಂಡನ್ ಮಂದಿಗೆ ಅಷ್ಟು ನೆಗಡಿ ಐತೇನ್ರಿ?"

"ಯಾವ ನೆಗಡಿ?"

"ಸೀನಾಕತ್ತಾರಲ್ರಿ!"

"ಎಲ್ಲಿ?"

ಅವಳು ಚಹಾ ಕೆಳಗಿಟ್ಟಳು. ಟೇಪು ಹಿಂದಕ್ಕೆ ಸುತ್ತಿದಳು. ಬೆರಳು ಎತ್ತಿದಳು. "ಒಂದು... ಎರಡು... ಮೂರು ಕೂಡಿ... ಅಲ್ಲೊಂದು, ದೂರದಾಗ..."

ಹತ್ತು ನಿಮಿಷದಲ್ಲಿ ಹದಿಮೂರು ಸೀನು!

ನನಗೆ ಯಾಕೆ ಕೇಳಲಿಲ್ಲ? ಹೇಳುತ್ತೇನೆ. ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಪಕ್ಕದ ಓಣಿಯಲ್ಲಿ. ಅಪ್ಪ ಹಮಾಲ. ತೊಟ್ಟಿಲಲ್ಲಿದ್ದಾಗಿನಿಂದ ನನ್ನ ಸುತ್ತ ಊರಿಗೆ ಊರೇ ಸೀನಿದೆ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಸೀಜನ್ನಿನಲ್ಲಿ ಏಳುವ ಧೂಳು ಮಾತ್ರ ಯಾರನ್ನೂ ಬಿಡುವುದಿಲ್ಲ. ಹೊರಗಿನವರಿಗೆ ಅದು ಸೀನು. ನಮಗೆ ಗೋಡೆ ಗಡಿಯಾರದ ಟಿಕ್ ಟಿಕ್. ಇದ್ದರೂ ಕೇಳುವುದಿಲ್ಲ!

ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಹೀಗೆ ಸೀನುವ ಜನ ನನಗೆ ಗೊತ್ತಿದ್ದ ಹಾಗೆ ಒಂದೇ ಕಡೆ ಇದ್ದಾರೆ.

ಅದು ಲಂಡನ್ ಅಲ್ಲ.

ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ. ತಿರಕಪ್ಪನ ಅಂಗಡಿಗೆ ಫೋನು ಹಚ್ಚಿದೆ. "ಕೊಟ್ರಪ್ಪ ಸಾವ್ಕಾರ್ರು ಬಂದಿದ್ರ ಫೋನ್ ಕೊಡು. ಆ ಟೇಪಿನಾಗ ಸೀನು ಅದಾವು..."



"ಚಮನಸಾಬ," ಅಂದ ತಿರಕಪ್ಪ, ಬೆಣ್ಣೆಯಂಥ ದನಿಯಲ್ಲಿ. "ಮನ್ಯಾಗ ಇರು. ಮೋಟೆಬೆನ್ನೂರು ದಾಟಬ್ಯಾಡ."

ಕಟ್!

ಬೂತಿನಿಂದ ಬಂದಾಗ ಕುಲ್ಸುಮಬಿ ನನ್ನ ಲೂನಾದ ಹಿಂದೆ ಆಗಲೇ ಕೂತಿದ್ದಳು. ಮಡಿಲಲ್ಲಿ ನನ್ನ ನಕಲಿನ ಕ್ಯಾಸೆಟ್ಟು.

"ನೀ ಯಾಕ? ಇದು ಗಂಡಾಂತರದ ಕೆಲಸ!"

"ನಿಮ್ಮ ಕಿವಿ ಹೋದ್ರ ಚಾಳೀಸು ಎಲ್ಲಿ ಸಿಗಿಸ್ತೀರಿ? ಹೊಡೀರಿ ಗಾಡಿ!"

ಇಬ್ಬರನ್ನು ಹೊತ್ತ ಲೂನಾ ಹೈವೇಯಲ್ಲಿ ಹೇಗೆ ಓಡುತ್ತದೆ ಅಂತ ನಿಮಗೆ ಗೊತ್ತಿರಬಹುದು. ಲಾರಿಗಳು ಹಾರ್ನ್ ಹಾಕದೆ ನಗುತ್ತಾ ಮುಂದೆ ಹೋದವು. ಏರು ಬಂದಲ್ಲಿ ನಾನು ಪೆಡಲು ತುಳಿದೆ. ಅವಳು ದಾರಿಯುದ್ದಕ್ಕೂ ನನ್ನ ಕಿವಿಗಳ ಬಗ್ಗೆ ಮಾತಾಡಿದಳು.

ಹಾವೇರಿ ದಾರಿಯಲ್ಲಿ ಮೋಟೆಬೆನ್ನೂರು.

ಬೇವಿನ ಮರದ ಕೆಳಗೆ ಒಂದು ರಾಜದೂತ್ ಬೈಕು. ಅದರ ಮೇಲೆ ನಾಗಪ್ಪ. ತಿರಕಪ್ಪನ ಆಳು. ಒಂದು ಕಾಲದಲ್ಲಿ ಗರಡಿಯಲ್ಲಿ ಮಣ್ಣು ಹೊತ್ತವನು, ಈಗ ಕ್ಯಾಸೆಟ್ಟಿನ ಬಾಕ್ಸು ಹೊರುತ್ತಾನೆ.

"ಎಲ್ಲಿಗೆ ಹೊಂಟೀರಿ, ಕಾಕಾ?"

"ಮದುವಿಗೆ."

"ಯಾರ್ದು?"

"ನಿಂದು! ಹೆಣ್ಣು ನೋಡಾಕ ಹೊಂಟೇವಿ!" ಅಂದಳು ಕುಲ್ಸುಮಬಿ.

ನಾಗಪ್ಪ ಕಿಕ್ ಹೊಡೆದ. ನಾನು ಆಕ್ಸಿಲರೇಟರ್ ತಿರುವಿದೆ. ಲೂನಾ ಮುಂದೆ, ರಾಜದೂತ್ ಹಿಂದೆ... ಎಷ್ಟು ಹೊತ್ತು ಸಾಧ್ಯ? ನೂರು ಗಜ! ಅವನ ಕೈ ಕುಲ್ಸುಮಬಿಯ ಸೆರಗಿಗೆ ಗೇಣು ದೂರ!

ಆಗ ಕಂಡಿತು. ಬ್ಯಾಡಗಿ ಕ್ರಾಸಿನಲ್ಲಿ ಕೆಂಪು ಕಾಯಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ನಲವತ್ತೋ ಐವತ್ತೋ. ಎರಡು ಸಾಲಿನ ನಡುವೆ ಒಂದು ಲೂನಾ ತೂರುವಷ್ಟು ಸಂದಿ.

ನುಗ್ಗಿಸಿದೆ!

ಗಾಳಿಯೇ ಕೆಂಪಾಗಿತ್ತು. ಕುಲ್ಸುಮಬಿ ನನ್ನ ಬೆನ್ನಿಗೆ ಮುಖ ಒತ್ತಿ ಸೀನತೊಡಗಿದಳು. ನನಗೆ ಏನೂ ಆಗಲಿಲ್ಲ. ಅಂದರೆ, ಆಗಿದ್ದರೂ ಗೊತ್ತಾಗಲಿಲ್ಲ. ಹಿಂದೆ ಮಾತ್ರ ಗುಂಡು ಹಾರಿದ ಹಾಗೆ ಸದ್ದು. ಒಂದು! ಎರಡು! ಐದನೆಯ ಸೀನಿಗೆ ನಾಗಪ್ಪನ ಎರಡೂ ಕೈ ಮೂಗಿಗೆ ಹೋದವು. ರಾಜದೂತ್ ಒಬ್ಬಂಟಿಯಾಗಿ ಹೊಲಕ್ಕೆ ಇಳಿಯಿತು. ಅವನು ಕಾಯಿ ಚೀಲದ ರಾಶಿಯ ಮೇಲೆ ಮೆತ್ತಗೆ ಕೂತ.

ಸಾಲಿನ ಆ ತುದಿಯಲ್ಲಿ ಮತ್ತೆ ಹೈವೇ ಹಿಡಿದೆ.

ಹಾವೇರಿ. ನಾಲ್ಕಕ್ಕೆ ಎರಡು ನಿಮಿಷ.

ಡೆಕ್ ಆಗಲೇ ತಿರಕಪ್ಪನ ಕೌಂಟರಿನ ಮೇಲಿತ್ತು. ಟೇಪು ಕೊಟ್ರಪ್ಪನ ಕೈಯಲ್ಲಿ. ಇನ್ನೇನು ಇಬ್ಬರೂ ಕೈ ಕುಲುಕಬೇಕು...

"ನಿಲ್ರೀ ಸಾವ್ಕಾರ್ರ! ಅದು ಲಂಡನ್ ಅಲ್ಲ!"

ಕೊಟ್ರಪ್ಪ ತಿರುಗಿದ. ದಬ್ಬಣ ಹೊರಗೆ ಬಂತು. "ಮಧ್ಯಾಹ್ನ ಎ. ಸಂಜೀಕ ಅಲ್ಲ. ಯಾವ ಕಿವಿ ಮೊದಲು?"

"ಮೊದಲು ಕೇಳ್ರಿ. ಅದರಾಗ ಮಂದಿ ಸೀನಾಕತ್ತಾರ!"

ಟೇಪು ಹಚ್ಚಿದೆವು. ಕೊಟ್ರಪ್ಪ ಕಿವಿಗೊಟ್ಟ. ಒಂದು ಸೀನು ಹೋಯಿತು. ಎರಡು. ನಾಲ್ಕು.

"ಎಲ್ಲಿ ಸೀನು?" ಅಂದ.

ಸತ್ತೆ ಅಂದುಕೊಂಡೆ! ಅವನೂ ಬ್ಯಾಡಗಿಯವನೇ ಅಲ್ಲವೇ? ನನಗೆ ಕೇಳದ್ದು ಅವನಿಗೆ ಹೇಗೆ ಕೇಳೀತು?

ತಿರಕಪ್ಪ ನಕ್ಕ. "ಹುಚ್ಚ ಹಿಡದೈತ್ರಿ ಇವಂಗ. ಡೆಕ್ ಒಳಗಿಡ್ಲೇನ್ರಿ?"

ಆಗ ಕುಲ್ಸುಮಬಿ ಮುಂದೆ ಬಂದಳು. ಕಣ್ಣು ಇನ್ನೂ ಕೆಂಡ. "ಗಿಟಾರ್ ಬಿಡ್ರಿ ಸಾವ್ಕಾರ್ರ. ಅದರ ಹಿಂದ ಕುಂತ ಮಂದೀನ ಕೇಳ್ರಿ. ನೀವು ದಿನಾ ಮಾತಾಡ್ಸೋ ಮಂದಿ."

ನಾನು ಟೋನಿನ ಗುಂಡಿ ತಿರುಗಿಸಿ ಗಿಟಾರನ್ನು ಹಿಂದಕ್ಕೆ ತಳ್ಳಿದೆ. ಜನ ಮುಂದೆ ಬಂದರು. ಚಪ್ಪಾಳೆ. ಸೀಟಿ. ಆಮೇಲೆ ಒಂದು ಹೆಂಗಸು... ಬಿಡದೆ ಐದು ಸೀನು, ಕೊನೆಗೆ ಉದ್ದಕ್ಕೆ ಒಂದು "ಯವ್ವಾ, ಸತ್ತೇ...!"

ಕೊಟ್ರಪ್ಪನ ದಬ್ಬಣ ಕೆಳಗೆ ಬಿತ್ತು.

"ಇಕಿ ನಮ್ಮ ಉಚ್ಚಂಗೆವ್ವ! ಮೂವತ್ತು ವರ್ಷದಿಂದ ನಮ್ಮ ಗೋದಾಮಿನಾಗ ಕಾಯಿ ತೊಟ್ಟು ಬಿಡಸ್ತಾಳ... ಲಂಡನ್ನಿಗೆ ಯಾವಾಗ ಹೋಗಿದ್ಲು?"

ತಿರಕಪ್ಪ ಹಿಂಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಹಮಾಲರು ಅಲ್ಲಿ ಆಗಲೇ ಇದ್ದರು.

"ಬೊಗಳು!"

ತಿರಕಪ್ಪ ಬೊಗಳಿದ. ಹೋದ ಅಮಾವಾಸ್ಯೆಗೆ ಪೇಟೆ ಬಂದ್ ಇತ್ತು. ಕೊಟ್ರಪ್ಪ ಊರಲ್ಲಿರಲಿಲ್ಲ. ಅವನ ಗೋದಾಮಿನಲ್ಲೇ ಪ್ರೋಗ್ರಾಂ! ಡ್ರಮ್ಮು ಅಂದರೆ ಎಣ್ಣೆಯ ಡಬ್ಬಿ. ಜನ ಅಂದರೆ ಹಮಾಲರು, ತೊಟ್ಟು ಬಿಡಿಸುವ ಹೆಂಗಸರು. ರೆಕಾರ್ಡ್ ಮಾಡಿಕೊಡು ಅಂತ ಕರೆದಿದ್ದಕ್ಕೆ ತಿರಕಪ್ಪ ಹೋಗಿದ್ದ. ಒಂದು ನಕಲು ತಾನಿಟ್ಟುಕೊಂಡ. ಇಂಗ್ಲಿಷಿನಲ್ಲಿ ಲಂಡನ್ ಅಂತ ಚೀಟಿ ಅಂಟಿಸಿದ.

"ಗಿಟಾರ್ ಯಾರ್ದು?"

"ಹನುಮಪ್ಪಂದ್ರಿ."

ಹನುಮಪ್ಪ! ಕೊಟ್ರಪ್ಪನ ಹತ್ತಿರ ತೂಕ ಬರೆಯುತ್ತಿದ್ದವನು. ಕುಮಾರಪಟ್ಟಣದ ಫ್ಯಾಕ್ಟರಿ ಕಾಲೊನಿಯಿಂದ ವರ್ಗವಾಗಿ ಹೋದ ಇಂಜಿನಿಯರ್ ಒಬ್ಬರು ಬಿಟ್ಟುಕೊಟ್ಟ ಹಳೆಯ ಗಿಟಾರು ಅವನದು. "ತೂಕದ ಹೊತ್ತಿನ್ಯಾಗ ತಂತಿ ಕೆರೀತಾನ, ಕೇಳಾಕ ಆಗವಲ್ದು" ಅಂತ ದೀಪಾವಳಿಗೆ ಕೊಟ್ರಪ್ಪನೇ ಅವನನ್ನು ಕೆಲಸದಿಂದ ತೆಗೆದಿದ್ದ. ಗೋದಾಮಿನ ಮಂದಿ ಅವನನ್ನು ಬೀಳ್ಕೊಡಲಿಕ್ಕೆ ಮಾಡಿದ ಪ್ರೋಗ್ರಾಂ ಅದು.

ಟೇಪು ಓಡುತ್ತಲೇ ಇತ್ತು. ನಾನು ಗಿಟಾರನ್ನು ಮತ್ತೆ ಮುಂದೆ ತಂದೆ. ಕೊಟ್ರಪ್ಪ ಸ್ಟೂಲಿನ ಮೇಲೆ ಕೂತ. ಆರಡಿ ಆಳು, ಮೂರಡಿಯಾಗಿದ್ದ.

"ಚಮನಸಾಬ. ಈಗ ಗ್ರೇಡ್ ಹೇಳು."

ಕಿವಿ ಬಿಸಿಯಾದವು. ಆದರೂ ಹೇಳಿದೆ. "ಮಧ್ಯಾಹ್ನ ಏನಂದ್ನಿ, ಈಗೂ ಅದನ್ನ ಅಂತೇನ್ರಿ. ಸದ್ದು ಎ. ಚೀಟಿ ಖೊಟ್ಟಿ."

"ಇದ ಕೈಯಿ ನಮ್ಮ ಗೋದಾಮಿನಾಗ ಬಾರಸ್ತಿತ್ತು. ನನಗ ಕೇಳಲಿಲ್ಲಲ್ಲೋ..."

"ಆವಾಗ ಚೀಟಿ ಇರಲಿಲ್ಲಲ್ರಿ," ಅಂದಳು ಕುಲ್ಸುಮಬಿ.

ಬೇರೆ ಯಾರಾದರೂ ಅಂದಿದ್ದರೆ ದಬ್ಬಣ ಮೇಲೇಳುತ್ತಿತ್ತು. ಕೊಟ್ರಪ್ಪ ಅವಳನ್ನು ನೋಡಿದ. ತಲೆಯಾಡಿಸಿದ. ಎದ್ದು ಡೆಕ್ಕಿನ ಮೇಲೆ ಕೈಯಿಟ್ಟ, ಅಣ್ಣನ ಹೆಗಲ ಮೇಲೆ ಇಟ್ಟ ಹಾಗೆ.

"ಎಲ್ಲಿದ್ದಾನ ಹನುಮಪ್ಪ?"

"ಹಲಗೇರ್ಯಾಗ್ರಿ," ಅಂದ ತಿರಕಪ್ಪ. "ಅವರವ್ವನ ಮನ್ಯಾಗ."

"ಜೀಪ್ ತಗೀರಿ! ಚಮನಸಾಬ, ಖಾಲಿ ಸ್ಪೂಲ್ ಒಂದು ಹುಡುಕು. ಅಣ್ಣನ ಡೆಕ್ ಮ್ಯಾಲೆ ಅವನ ಗಿಟಾರ್ ಮತ್ತ ಹಿಡಿಯೂಣು."

"ಗೋದಾಮಿನಾಗೇನ್ರಿ?"

"ಮತ್ತೆಲ್ಲಿ? ಲಂಡನ್ನಿನಾಗೇನು? ಅದ ಮಂದೀನ ಕೂಡ್ಸು. ಅದ ಡಬ್ಬಿ. ಉಚ್ಚಂಗೆವ್ವನ ಮುಂದಿನ ಸಾಲಿನ್ಯಾಗ ಕುಂದ್ರಸು."

"ಆಕಿ ಸೀನ್ತಾಳ್ರಿ."

"ಸೀನ್ಲಿ!"

ಹಮಾಲರು ಡೆಕ್ ಎತ್ತಿದರು. ಕೊಟ್ರಪ್ಪ ಅದನ್ನು ಸುತ್ತಲು ಗೋಣಿ ತೆಗೆದು ನನ್ನ ಮುಖದ ಮುಂದೆಯೇ ಪಟಪಟ ಕೊಡವಿದ. ಕೆಂಪು ಮೋಡ ಎದ್ದಿತು. ಮೂಗಿನೊಳಗೆ ಏನೋ ಹತ್ತಿಕೊಂಡಿತು... ಏರಿತು... ಸೀನಿದೆ!

ನಲವತ್ತೆರಡು ವರ್ಷದಲ್ಲಿ ನನ್ನ ಸೀನು ನನಗೆ ಕೇಳಿಸಿದ್ದು ಅದೇ ಮೊದಲು.

ಬಿ ಗ್ರೇಡು.