ದೊಣೆಬೆಟ್ಟದ ಮೊದಲ ಸಹಿ

"ಏಯ್! ಯಾರನ್ನ ಕೇಳಿ ಇಲ್ಲಿ ಗುಂಡಿ ತೋಡ್ತಿದೀಯಾ?"

ರಾಮಲಿಂಗ ಬೆಚ್ಚಿ ತಿರುಗಿದ. ಮೇಕೆಗಳ ನಡುವೆ, ಕೈಯಲ್ಲಿ ಸೊಪ್ಪು ಕೊಯ್ಯುವ ದೋಟಿ ಹಿಡಿದು ಒಬ್ಬ ಹುಡುಗಿ ನಿಂತಿದ್ದಳು. ಕಣ್ಣಲ್ಲಿ ಕೆಂಡ!

"ಗಾಳಿ ಅಳೆಯೋ ಕಂಬ ನೆಡ್ತಾ ಇದೀವಿ ಕಣಮ್ಮ. ಪಂಚಾಯ್ತಿ ಸರಪಂಚ್ ನರಸಪ್ಪನವರನ್ನ ಕೇಳಿದೀವಿ."

"ನರಸಪ್ಪ ಈ ಬೆಟ್ಟ ಹತ್ತಿ ಎಷ್ಟ್ ವರ್ಷ ಆಯ್ತು ಗೊತ್ತಾ? ಮೊಣಕಾಲು ನೋವು ಅವನಿಗೆ! ದಿನಾ ಹತ್ತೋರು ನಾವು. ನಮ್ಮನ್ನ ಕೇಳು!"

ಅವನು ನಗಲಿಲ್ಲ. ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ.

"ಸರಿ... ಕೇಳ್ತೀನಿ. ನೆಡಬೋದಾ?"

ಆ ಹುಡುಗಿ, ರಂಗಲಕ್ಷ್ಮಿ, ದೋಟಿ ಕೆಳಗಿಳಿಸಿ ಹೂಂ ಎಂದು ತಲೆಯಾಡಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ!

ಅದು ತೊಂಬತ್ತೈದರ ಮಾತು. ಬೆಟ್ಟದ ಮೇಲೆ ಗಾಳಿ ಬೀಸುತ್ತದೆ ಎಂದು ತಿಳಿಯಲು ಒಂದು ಕಂಪನಿ, ಒಂದು ಕಂಬ, ಒಂದು ಮೀಟರು ಬೇಕಾಗಿತ್ತಂತೆ! ಆಂಧ್ರದ ಗಡಿಯ ಈ ಕಲ್ಯಾಣದುರ್ಗದ ಸುತ್ತಿನ ಯಾವ ಮೇಕೆಯನ್ನು ಕೇಳಿದ್ದರೂ ಹೇಳುತ್ತಿತ್ತು.

ಹಿಂದೂಪುರದ ನೇಕಾರರ ಮನೆಯ ರಾಮಲಿಂಗ ಆ ಕಂಪನಿಯ ಸೂಪರ್‌ವೈಸರ್. ವಾರಕ್ಕೆರಡು ಸಲ ಬಂದು ಮೀಟರು ನೋಡುತ್ತಿದ್ದ. ಬರುಬರುತ್ತಾ ಮೀಟರಿಗಿಂತ ರಂಗಲಕ್ಷ್ಮಿಯನ್ನೇ ಹೆಚ್ಚು ನೋಡತೊಡಗಿದ. ಅವಳೇನು ಕಡಿಮೆಯೇ? ಬಂಡೆಯ ನಡುವೆ ನೀರು ನಿಲ್ಲುವ ದೊಣೆಯ ಹತ್ತಿರ ಮೇಕೆ ಬಿಟ್ಟು, ಬುತ್ತಿ ಬಿಚ್ಚಿ ಕಾಯುತ್ತಿದ್ದಳು. ಬುತ್ತಿಯಲ್ಲಿ ಒಂದು ಮುದ್ದೆ ಹೆಚ್ಚೇ ಇರುತ್ತಿತ್ತು.

ಯುಗಾದಿಗೆ ಕಂಪನಿ ಊರಿನ ಹೆಂಗಸರಿಗೆಲ್ಲ ರವಿಕೆ ಕಣ ಕಳಿಸಿತು. ಹಂಚಿದವನು ರಾಮಲಿಂಗ. ಅರಿಶಿನ ಕುಂಕುಮದ ಜೊತೆ ಕೊಟ್ಟ ಕಣವನ್ನು ಬೇಡವೆನ್ನುವ ಹೆಂಗಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ತೆಗೆದುಕೊಂಡ ಗುರುತಿಗೆ ಸಹಿ ಹಾಕಬೇಕು ಎಂದಾಗ ಎಲ್ಲರೂ ಹಿಂಜರಿದರು.

"ಹಾಕ್ರಮ್ಮಾ, ನಮ್ಮ ರಾಮಲಿಂಗ ಅಲ್ವಾ!"

ಹಾಗೆಂದು ರಂಗಲಕ್ಷ್ಮಿಯೇ ಮೊದಲ ಸಹಿ ಹಾಕಿದಳು. ರಾತ್ರಿ ಶಾಲೆಯಲ್ಲಿ ಕಲಿತ ತೆಲುಗು ಅಕ್ಷರ ದುಂಡಗೆ ಬಂದಿತ್ತು. ಹಾಳೆಯ ಮೇಲ್ಭಾಗ ಖಾಲಿಯಿತ್ತು. ಅದು ಯಾಕೆ ಖಾಲಿ ಎಂದು ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಹದಿನೈದು ದಿನಕ್ಕೆ ಬುಲ್ಡೋಜರ್ ಬಂತು! ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳಿಗಾಗಿ ಬೆಟ್ಟಕ್ಕೆ ರಸ್ತೆ, ದೊಣೆಯ ಜಾಗಕ್ಕೆ ಕಾಂಕ್ರೀಟು, ಸುತ್ತ ಬೇಲಿಯಂತೆ. ಅಡ್ಡ ನಿಂತ ಹೆಂಗಸರ ಮುಂದೆ ನರಸಪ್ಪ ಅದೇ ಹಾಳೆ ಹಿಡಿದ. ಖಾಲಿ ಜಾಗದಲ್ಲಿ ಈಗ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಟೈಪಾಗಿತ್ತು.

"ಬೆಟ್ಟ ಕಂಪನಿಗೆ ಬಿಟ್ಟುಕೊಡೋಕೆ ನೀವೆಲ್ಲ ಒಪ್ಪಿದೀರಾ ಅಂತ ಬರೆದೈತೆ. ಸಹಿ ನಿಮ್ಮದೇ ತಾನೇ? ದಾರಿ ಬಿಡ್ರಿ!"

ಅವರಲ್ಲೊಬ್ಬಳಾದ ಈರಕ್ಕ ಅಲ್ಲೇ ಕುಸಿದು ಕೂತಳು. "ನಿನ್ನ ನಂಬಿ ಹಾಕಿದ್ವಲ್ಲೇ ರಂಗಲಕ್ಷ್ಮೀ! ಇನ್ನ ನನ್ನ ಮೇಕೆ ಎಲ್ಲಿಗೆ ಹೊಡೀಲೇ?"

ಭೂಮಿ ಬಾಯ್ಬಿಡಬಾರದೇ ಎನಿಸಿತು ರಂಗಲಕ್ಷ್ಮಿಗೆ. ಅಷ್ಟರಲ್ಲಿ ಓಡಿಬಂದ ರಾಮಲಿಂಗನ ಅಂಗಿ ಹಿಡಿದು ಎಳೆದಳು.

"ಉಂಡ ಮನೆಗೆ ಎರಡು ಬಗೆದ್ಯಲ್ಲೋ!"

"ನಂಗೆ ಗೊತ್ತಿರ್ಲಿಲ್ಲ ಲಕ್ಷ್ಮೀ... ಹೆಡ್ಡಿಂಗ್ ಆಮೇಲೆ ಹಾಕ್ಕೊಂತೀವಿ ಅಂದ್ರು ಆಫೀಸಲ್ಲಿ. ಏನ್ ಹೆಡ್ಡಿಂಗ್ ಅಂತ ನಾನು ಕೇಳ್ಲಿಲ್ಲ."

"ಓದಿದೋನು ನೀನು! ಕೇಳದೇ ಇರೋದೂ ಮೋಸಾನೇ ಕಣೋ! ಇನ್ನೊಂದ್ಸಲ ಮುಖ ತೋರಿಸ್ಬ್ಯಾಡ!"

ಅವಳು ಅತ್ತಳು, ನಿಜ. ಆದರೆ ಅತ್ತು ಸುಮ್ಮನೆ ಕೂರುವ ಹೆಣ್ಣಲ್ಲ ಅದು. ಮನೆಮನೆಗೆ ಹೋಗಿ, ಬೈಸಿಕೊಂಡು, ಎಲ್ಲರನ್ನೂ ಒಟ್ಟುಮಾಡಿ ಕಂದಾಯ ಕಚೇರಿಗೆ ಅರ್ಜಿ ಕೊಟ್ಟಳು. ಕಲ್ಯಾಣದುರ್ಗದ ಒಂದು ಛತ್ರದಲ್ಲಿ ವಿಚಾರಣೆ ಎಂದಾಯಿತು. ಹೆಂಗಸರು ಎರಡು ಟ್ರಾಕ್ಟರ್ ತುಂಬಾ ಬಂದರು.

ಅಧಿಕಾರಿ ಹಾಳೆ ಎತ್ತಿ, ರಂಗಲಕ್ಷ್ಮಿಯ ಸಹಿ ತೋರಿಸಿ ತೆಲುಗಿನಲ್ಲಿ ಕೇಳಿದರು. "ಏಮಮ್ಮಾ, ಈ ಸಂತಕಂ ನೀದೇನಾ?"

"ನಂದೇ ಸಾರ್. ರವಿಕೆ ಕಣಕ್ಕೆ ಹಾಕಿದ ಸಹಿ ಅದು. ಬೆಟ್ಟಕ್ಕಲ್ಲ!"

"ಸಾಕ್ಷಿ ಎವರು?"

ಕಂಪನಿಯ ಮ್ಯಾನೇಜರ್ ಕಿಸಕ್ಕನೆ ನಕ್ಕ. ರಂಗಲಕ್ಷ್ಮಿ ಪಕ್ಕದಲ್ಲಿದ್ದ ಹೆಂಗಸರನ್ನು ನೋಡಿದಳು. ಓದು ಬಾರದ ಹೆಂಗಸರ ಮಾತನ್ನು ಇಲ್ಲಿ ಯಾರು ನಂಬುತ್ತಾರೆ? ಸೋತೆವಾ ಹಾಗಾದರೆ...

"ನಾನು ಸಾರ್."

ಹಿಂದಿನ ಸಾಲಿನಲ್ಲಿ ರಾಮಲಿಂಗ ಎದ್ದು ನಿಂತಿದ್ದ!

"ಕೂತ್ಕೊಳೋ! ಕೆಲಸ ಬ್ಯಾಡ್ವಾ ನಿಂಗೆ?" ಮ್ಯಾನೇಜರ್ ಗದರಿದ.

"ಬ್ಯಾಡ ಸಾರ್." ಅವನು ಕೂರಲಿಲ್ಲ. "ಇವರು ಸಹಿ ಹಾಕುವಾಗ ಮೇಲೆ ಒಂದಕ್ಷರ ಇರ್ಲಿಲ್ಲ. ಹಾಕಿಸಿದೋನು ನಾನೇ. ನನ್ನ ಮೇಲೆ ಕೇಸ್ ಹಾಕೋದಾದ್ರೆ ಹಾಕಿ. ಬೆಟ್ಟ ಮಾತ್ರ ಇವರನ್ನ ಕೇಳಿ ತಗೊಳ್ಳಿ."

ಛತ್ರದಲ್ಲಿ ಗದ್ದಲವೆದ್ದಿತು. ಅಧಿಕಾರಿ ಹಾಳೆಯನ್ನು ಪಕ್ಕಕ್ಕಿಟ್ಟು, ಕೆಲಸ ನಿಲ್ಲಿಸಲು ಹೇಳಿದರು. ಸೋಮವಾರ ನರಸಪ್ಪನ ಮನೆಯ ಮುಂದೆ ಹೊಸದಾಗಿ ಸಭೆ ಎಂದರು.

"ಅಲ್ಲಿ ಬ್ಯಾಡ ಸಾರ್, ಬೆಟ್ಟದ ಮೇಲೇ ಮಾಡಿ!" ರಂಗಲಕ್ಷ್ಮಿ ಕೂಗಿದಳು. "ಹತ್ತಿ ಬಂದೋರು ಹೇಳ್ಲಿ ಬೇಕೋ ಬ್ಯಾಡವೋ ಅಂತ!"

ಅಧಿಕಾರಿ ಅವಳನ್ನೊಮ್ಮೆ ನೋಡಿ, ಬರೆದಿದ್ದನ್ನು ಹೊಡೆದು ಹಾಕಿ, ಹಾಗೇ ತಿದ್ದಿದರು.

ಬಸ್ ಸ್ಟ್ಯಾಂಡಿನಲ್ಲಿ ಹಿಂದೂಪುರದ ಬಸ್ಸಿಗೆ ರಾಮಲಿಂಗ ಒಂದು ಕಾಲಿಟ್ಟಿದ್ದನಷ್ಟೇ.

"ಎಲ್ಲಿಗೆ ಹೋಯ್ತೀಯಾ?"

ಅವನು ತಿರುಗಿದ. ಅವಳು ಏದುಸಿರು ಬಿಡುತ್ತಿದ್ದಳು.

"ಮುಖ ತೋರಿಸ್ಬ್ಯಾಡ ಅಂದಿದ್ಯಲ್ಲ..."

"ಅಂದಿದ್ದೆ! ಸೋಮವಾರ ಮತ್ತೆ ಇಂಗ್ಲಿಷ್ ಕಾಗದ ತರ್ತಾರೆ. ಓದಿ ಹೇಳೋರು ನಮಗ್ಯಾರವ್ರೆ?"

"ಬತ್ತೀನಿ. ಓದಿ ಹೇಳಿ... ಹೋಯ್ತೀನಿ."

ಅವಳು ಅವನ ತೋಳು ಹಿಡಿದು ಬಸ್ಸಿನಿಂದ ಕೆಳಗೆ ಎಳೆದಳು.

"ಹೋಗ್ಬ್ಯಾಡ! ನೀನಿಲ್ದೆ ಇಷ್ಟ್ ದಿನ ಹೆಂಗ್ ಕಳೆದೆ ಅಂತ ನಿಂಗೇನ್ ಗೊತ್ತು? ಬೈಯೋಕೂ ನೀನೇ ಬೇಕಿತ್ತು ನಂಗೆ!"

ಕಂಡಕ್ಟರ್ "ರೈಟ್ ರೈಟ್" ಎಂದ. ಬಸ್ಸು ಹೊರಟಿತು. ರಾಮಲಿಂಗ ಕೆಳಗೇ ಉಳಿದ.

"ಅಂದ್ರೆ... ಸಿಟ್ಟು ಹೋಯ್ತಾ?"

"ಇಲ್ಲ."

"ಯಾವಾಗ ಹೋಯ್ತದೆ?"

"ಗೊತ್ತಿಲ್ಲ. ಒಂದು ಜನ್ಮ ಹಿಡೀಬೋದು... ಜೊತೇಲಿದ್ದು ನೋಡ್ತೀಯಾ?"

"ನೋಡ್ತೀನಿ ಕಣೇ."